ಗಿಸ್ಬೋರ್ನ್ ಹೊಳೆಗಳಲ್ಲಿ ಪೈನ್ ದಿಮ್ಮಿ: ಕಂಪನಿ, ಕೌನ್ಸಿಲ್ ಒಟ್ಟಿಗೆ ಕೂತರೂ ಲೆಕ್ಕ ತಪ್ಪಿದ್ದೆಲ್ಲಿ?

ಹೊಳೆಬದಿ (ಚರ್ಚೆ ಶುರು ಮಾಡಿದವರು):
ನ್ಯೂಜಿಲೆಂಡಿನಲ್ಲಿರುವ ಕನ್ನಡಿಗರು ಈ ಗುಂಪಿನಲ್ಲಿ ಸುಮಾರು ಜನ ಇದ್ದೀರಿ. ಕಾಡು, ಮಣ್ಣು, ಸರ್ಕಾರಿ ನಿಯಮ ಅಂತ ಕೆಲಸ ಮಾಡುವವರೂ ಇದ್ದೀರಿ. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಉತ್ತರ ದ್ವೀಪದ ಪೂರ್ವ ತುದಿಯ ಗಿಸ್ಬೋರ್ನ್ ಜಿಲ್ಲೆ, ಅಂದರೆ ತೈರಾಫಿಟಿ, ಬಹಳ ಜನರಿಗೆ ಗೊತ್ತಿರಲಿಕ್ಕಿಲ್ಲ. ಸುಮಾರು 50 ಸಾವಿರ ಜನ ಇರುವ ಜಾಗ. ಕಡಿದಾದ ಗುಡ್ಡ, ಮೆತ್ತನೆಯ ಮಣ್ಣು, ಜೋರು ಮಳೆ. ಯುರೋಪಿನಿಂದ ಬಂದವರು ಕುರಿ ಮೇಯಿಸಲು ಇಲ್ಲಿನ ಕಾಡು ಕಡಿದು ಸುಟ್ಟರು. ಗುಡ್ಡ ಜಾರತೊಡಗಿತು. 1988ರ ಮಾರ್ಚ್‌ನಲ್ಲಿ ಬೋಲಾ ಚಂಡಮಾರುತ ಬಂದು ಹುಲ್ಲುಗಾವಲಿನ ಗುಡ್ಡಗಳನ್ನು ಸಾವಿರಾರು ಕಡೆ ಕೆಡವಿತು. ಮರ ನೆಟ್ಟರೆ ಮಣ್ಣು ನಿಲ್ಲುತ್ತೆ ಅಂತ 1992ರಲ್ಲಿ ಸರ್ಕಾರವೇ ಸಹಾಯಧನ ಕೊಡುವ ಯೋಜನೆ ತಂದಿತು. ರೈತರು, ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಜಮೀನಿನವರು, ಕಂಪನಿಗಳು ಎಲ್ಲರೂ ರೇಡಿಯಾಟಾ ಪೈನ್ ನೆಟ್ಟರು. ಆ ಮರ ಸುಮಾರು 28 ವರ್ಷಕ್ಕೆ ಕಡಿತಲೆಗೆ ಬರುತ್ತೆ. ಲೆಕ್ಕ ಹಾಕಿ ನೋಡಿ, ಎಲ್ಲ ಹತ್ತಿರ ಹತ್ತಿರ ಒಂದೇ ಕಾಲಕ್ಕೆ ಬಲಿತವು.

2018ರ ಜೂನ್‌ನಲ್ಲಿ ಒಂದರ ಹಿಂದೊಂದು ಎರಡು ಮಳೆ ಹೊಡೆದವು. ಟೊಲಗಾ ಬೇ ಕಡಲತೀರ ಪೂರ್ತಿ, ಗುಡ್ಡದಲ್ಲಿ ಪೈನ್ ಕಡಿದು ಬಿಟ್ಟಿದ್ದ ಮರದ ತುಂಡುಗಳಿಂದ ಮುಚ್ಚಿಹೋಯಿತು. ಆಮೇಲೆ ಕೌನ್ಸಿಲ್, ಅಂದರೆ ಅಲ್ಲಿನ ಚುನಾಯಿತ ಸ್ಥಳೀಯ ಆಡಳಿತ, ಹಲವು ಕಂಪನಿಗಳ ಮೇಲೆ ಕೇಸು ಹಾಕಿತು, ಲಕ್ಷಗಟ್ಟಲೆ ಡಾಲರ್ ದಂಡ ಬಿತ್ತು. 2023ರ ಜನವರಿಯಲ್ಲಿ ಹೇಲ್ ಚಂಡಮಾರುತ ಬಂತು. ಅದೇ ತಿಂಗಳು ಗಿಸ್ಬೋರ್ನ್ ಪಟ್ಟಣದ ಕಡಲತೀರದಲ್ಲಿ ಆಡುತ್ತಿದ್ದ ಒಬ್ಬ ಹುಡುಗ ಅಲೆಯಲ್ಲಿ ತೇಲುತ್ತಿದ್ದ ದಿಮ್ಮಿ ಬಡಿದು ತೀರಿಕೊಂಡ. ಫೆಬ್ರವರಿಯಲ್ಲಿ ಗೇಬ್ರಿಯಲ್ ಚಂಡಮಾರುತ ಬಂದು ಟೊಲಗಾ ಬೇಯಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯ ಹಿಕುವಾಯ್ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು. ಜನ ರೊಚ್ಚಿಗೆದ್ದರು. ಮನಾ ತಾಯಾವೊ ತೈರಾಫಿಟಿ ಎನ್ನುವ ಊರಿನವರ ಗುಂಪು 10 ಸಾವಿರಕ್ಕೂ ಹೆಚ್ಚು ಸಹಿ ಸೇರಿಸಿತು. ಕೊನೆಗೆ ಸರ್ಕಾರ ಮಾಜಿ ಸಚಿವೆ ಹೆಕಿಯಾ ಪರಾಟಾ ಅವರ ಅಧ್ಯಕ್ಷತೆಯಲ್ಲಿ ವಿಚಾರಣೆ ಮಾಡಿಸಿತು. ಅದೇ ವರ್ಷ ಮೇ ತಿಂಗಳಲ್ಲಿ ಬಂದ ವರದಿ ಕಂಪನಿಗಳನ್ನೂ ಬಿಡಲಿಲ್ಲ, ಕೌನ್ಸಿಲನ್ನೂ ಬಿಡಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಇಲ್ಲಿ ಕಂಪನಿಗಳೂ ಕೌನ್ಸಿಲ್‌ಗಳೂ ಒಬ್ಬರ ಮುಖ ಒಬ್ಬರು ನೋಡದೆ ಇದ್ದವರಲ್ಲ. ಒಟ್ಟಿಗೆ ಕೂತರು, ಮಾರ್ಗದರ್ಶಿ ಬರೆದರು, 2018ರ ಮೇ 1ರಿಂದ ನೆಡುತೋಪುಗಳಿಗೆ ದೇಶಕ್ಕೆಲ್ಲ ಒಂದೇ ನಿಯಮವೂ ಬಂತು. ಅದು ಬಂದ ಮರುತಿಂಗಳೇ ಟೊಲಗಾ ಬೇ ಆಯಿತು! ಆ ಮರ ಹಳೇ ನಿಯಮದ ಕಾಲದಲ್ಲಿ ಕಡಿದದ್ದು, ಒಪ್ಪುತ್ತೇನೆ. ಆದರೆ 2023ರಲ್ಲಿ ಹೊಸ ನಿಯಮಕ್ಕೆ 5 ವರ್ಷ ತುಂಬುತ್ತಾ ಬಂದಿತ್ತು. ಹಾಗಾದರೆ ಕೈಜೋಡಿಸಿದ್ದು ಯಾವುದಕ್ಕೆ?

ಸುಮ್ನೆ_ಒಬ್ಬ:
ಕಂಪನಿಗೆ ಲಾಭ, ಕೌನ್ಸಿಲ್‌ಗೆ ತೆರಿಗೆ, ಊರಿನವರಿಗೆ ದಿಮ್ಮಿ. ಇದಕ್ಕೆ ಇಷ್ಟುದ್ದ ಯಾಕೆ ಬರೆದಿರಿ ಸರ್?

ರೊಟೊರುವಾ_ರಾಯ:
ನಾನು ಮರ ಕಡಿಯುವ ಗುತ್ತಿಗೆದಾರರ ಜೊತೆ ಕೆಲಸ ಮಾಡುವವನು. ಕಂಪನಿ ಪರ ಮಾತಾಡ್ತಾನೆ ಅಂತ ಬೈಯುವ ಮುಂಚೆ ಸ್ವಲ್ಪ ಕೇಳಿ.

ಮೊದಲನೇದು, ನ್ಯೂಜಿಲೆಂಡಿನ ಎಲ್ಲ ಪೈನ್ ನೆಡುತೋಪೂ ಗಿಸ್ಬೋರ್ನ್ ಅಲ್ಲ. ನಮ್ಮ ಕಡೆ ಕೈಂಗರೋವಾ ಇದೆ. ಜಗತ್ತಿನಲ್ಲೇ ದೊಡ್ಡ ನೆಡುತೋಪುಗಳಲ್ಲಿ ಒಂದು. ಹೆಚ್ಚುಕಡಿಮೆ ಸಮತಟ್ಟು, ಕೆಳಗೆ ಜ್ವಾಲಾಮುಖಿಯ ಹಗುರ ಕಲ್ಲುಪುಡಿ. ಮಳೆ ನೀರು ಇಂಗಿ ಹೋಗುತ್ತೆ. ಅಲ್ಲಿ ಕಡಿದರೆ ಕೊಂಬೆ ಬಿದ್ದಲ್ಲೇ ಬಿದ್ದಿರುತ್ತೆ. ಅಲ್ಲಿ ಕಾರೆಯಾರೆಯಾ ಅನ್ನೋ ಡೇಗೆ ಹಕ್ಕಿ ಕಡಿದ ಜಾಗದಲ್ಲಿ ನೆಲದ ಮೇಲೇ ಗೂಡು ಕಟ್ಟುತ್ತೆ. ಗೂಡು ಕಂಡರೆ ಸುತ್ತ ಜಾಗ ಬಿಟ್ಟು ಕೆಲಸ ಮಾಡ್ತೀವಿ. ಇದೂ ಕಂಪನಿಯೇ ಮಾಡೋದು.

ಎರಡನೇದು, ಈ ಸ್ಲ್ಯಾಷ್ ಅಂದರೆ ಏನು ಅಂತ ಹೇಳಿಬಿಡ್ತೀನಿ. ಮರ ಕಡಿದ ಮೇಲೆ ಮಾರಾಟಕ್ಕೆ ಬಾರದ್ದು ಏನೆಲ್ಲ ಇದೆಯೋ ಅದು. ತುದಿ, ಕೊಂಬೆ, ಬೀಳುವಾಗ ಮುರಿದ ಬೊಡ್ಡೆ, ಸೊಟ್ಟ ತುಂಡು. ಕಡಿದಾದ ಗುಡ್ಡದಲ್ಲಿ ಲಾರಿ, ಟ್ರ್ಯಾಕ್ಟರ್ ಹೋಗಲ್ಲ. ಗುಡ್ಡದ ನೆತ್ತಿಯಲ್ಲಿ ಒಂದು ತಟ್ಟು ಮಾಡ್ತಾರೆ, ಅದನ್ನ ಸ್ಕಿಡ್ ಅಂತಾರೆ. ಅಲ್ಲಿ ಹಾಲರ್ ಅನ್ನೋ ಎತ್ತರದ ಯಂತ್ರ ನಿಲ್ಲಿಸಿ, ಉಕ್ಕಿನ ಹಗ್ಗ ಕೆಳಗೆ ಬಿಟ್ಟು, ಮರವನ್ನ ಇಡಿಯಾಗಿ ಮೇಲೆ ಎಳೀತಾರೆ. ಸ್ಕಿಡ್ ಮೇಲೆ ಅಳತೆಗೆ ಕೊಯ್ದು ಲಾರಿಗೆ ಹಾಕ್ತಾರೆ. ಉಳಿದ ಚೂರೆಲ್ಲ ಸ್ಕಿಡ್ ಅಂಚಿನಲ್ಲಿ ರಾಶಿ ಬೀಳುತ್ತೆ. ಹಿಂದೆಲ್ಲ ಆ ರಾಶಿಯನ್ನ ಅಂಚಿಂದ ಕೆಳಗೆ ತಳ್ಳಿಬಿಡ್ತಿದ್ರು. ದೊಡ್ಡ ಮಳೆ ಬಂದಾಗ ಸ್ಕಿಡ್ಡೇ ಕುಸಿದು, ರಾಶಿ ಸಮೇತ ಹಳ್ಳಕ್ಕೆ ಇಳೀತಿತ್ತು. ಒಪ್ಕೋತೀನಿ, ಅದು ಕೆಟ್ಟ ಕೆಲಸ.

ಆದರೆ ಆ ಕಸವನ್ನ ಹೊರಗೆ ಸಾಗಿಸು ಅಂದರೆ ಎಲ್ಲಿಗೆ? ಗಿಸ್ಬೋರ್ನ್ ಹತ್ತಿರ ಅದನ್ನ ಕೊಳ್ಳುವ ದೊಡ್ಡ ಕಾಗದದ ಮಿಲ್ ಇಲ್ಲ. ಡೀಸೆಲ್ ಖರ್ಚೂ ಹುಟ್ಟಲ್ಲ. ಕಂಪನಿ ಕೊಡಲ್ಲ ಅಂದರೆ ಗುತ್ತಿಗೆದಾರ ತನ್ನ ಜೇಬಿಂದ ಕೊಡಬೇಕಾ?

ಸುಮ್ನೆ_ಒಬ್ಬ:
ಮರದಿಂದ ಬಂದ ದುಡ್ಡು ತಗೊಂಡವರು ಕಸದ ಖರ್ಚೂ ಕೊಡಬೇಕು ಅಲ್ವಾ ರಾಯರೇ? ಹೇಗೂ ಈಗ ಅದನ್ನ ಕೊಡ್ತಿರೋದು ಕೆಳಗಿನ ರೈತ. ಬೇಲಿ ಹೋಯ್ತು, ಗದ್ದೆ ಹೋಯ್ತು, ಸೇತುವೆ ಹೋಯ್ತು.

ಮಣ್ಣುಮೇಷ್ಟ್ರು:
ಇಬ್ಬರೂ ಮರದ ಬಗ್ಗೆ ಮಾತಾಡುತ್ತಿದ್ದೀರಿ. ನಾನು ನೆಲದ ಬಗ್ಗೆ ಹೇಳುತ್ತೇನೆ.

ಪೂರ್ವ ಕರಾವಳಿಯ ಗುಡ್ಡಗಳು ಸಮುದ್ರದ ತಳದಿಂದ ಎದ್ದು ಬಂದ ಎಳೆಯ ಮಣ್ಣುಕಲ್ಲು. ಒಣಗಿದಾಗ ಗಟ್ಟಿ ಕಾಣುತ್ತೆ, ನೆನೆದರೆ ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಗತಿ. ಭೂಕಂಪದ ಪಟ್ಟಿ ಬೇರೆ, ಕಲ್ಲು ಮೊದಲೇ ಪುಡಿಪುಡಿ. ಅಲ್ಲಿನ ವೈಯಾಪು ನದಿ ನೋಡಿ. ಜಲಾನಯನ 1,700 ಚದರ ಕಿಲೋಮೀಟರ್ ಚಿಲ್ಲರೆ, ಅಂದರೆ ಸಣ್ಣ ನದಿ. ಆದರೆ ವರ್ಷಕ್ಕೆ ಸುಮಾರು 3.5 ಕೋಟಿ ಟನ್ ಹೂಳು ಕಡಲಿಗೆ ಸುರಿಯುತ್ತೆ. ಅಷ್ಟು ಚಿಕ್ಕ ನದಿಗೆ ಇಷ್ಟು ಹೂಳು ಜಗತ್ತಿನಲ್ಲಿ ಬೆರಳೆಣಿಕೆಯ ಕಡೆ ಮಾತ್ರ ಸಿಗುತ್ತೆ. ಪಕ್ಕದ ವೈಪವೋವಾ ಕೊಳ್ಳದಲ್ಲಿ ಟಾರ್ನ್‌ಡೇಲ್ ಅನ್ನುವ ಕೊರಕಲು ಇದೆ. ಅದನ್ನು ನಿಲ್ಲಿಸಲಿಕ್ಕೆ ಅಂತಲೇ ಸರ್ಕಾರದ ಅರಣ್ಯ ಇಲಾಖೆ 1960ರಲ್ಲಿ ಮಂಗಾಟೂ ಕಾಡು ನೆಡಲು ಶುರು ಮಾಡಿತ್ತು. ಸಣ್ಣ ಕೊರಕಲುಗಳು ಮುಚ್ಚಿಕೊಂಡವು. ದೊಡ್ಡದು ಈಗಲೂ ಬಾಯಿ ತೆರೆದಿದೆ.

ಹಾಗಾಗಿ ಪೈನ್ ನೆಟ್ಟದ್ದೇ ತಪ್ಪು ಅನ್ನುವವರಿಗೆ ಒಂದು ಮಾತು. ಬೋಲಾ ಆದ ಮೇಲೆ ಅಳತೆ ಮಾಡಿ ನೋಡಿದ್ದಾರೆ. 8 ವರ್ಷ ದಾಟಿದ ಪೈನ್ ತೋಪಿನಲ್ಲಿ ಗುಡ್ಡ ಕುಸಿದದ್ದು ಹುಲ್ಲುಗಾವಲಿಗಿಂತ ಹಲವು ಪಟ್ಟು ಕಡಿಮೆ. ನಿಂತಿರುವ ಪೈನ್ ಮಣ್ಣು ಹಿಡಿಯುತ್ತೆ, ಅದರಲ್ಲಿ ಎರಡು ಮಾತಿಲ್ಲ.

ತೊಂದರೆ ಇರೋದು ಕಡಿದ ಮೇಲೆ. ರೇಡಿಯಾಟಾ ಬೇರು ಬೇಗ ಕೊಳೆಯುತ್ತೆ. ಒಂದೆರಡು ವರ್ಷದಲ್ಲೇ ಅರ್ಧ ಶಕ್ತಿ ಹೋಗಿರುತ್ತೆ. ಹೊಸದಾಗಿ ನೆಟ್ಟ ಸಸಿಯ ಬೇರು ಪಕ್ಕದ ಸಸಿಯ ಬೇರಿಗೆ ತಾಗಿ ಮಣ್ಣು ಕಟ್ಟಲು ಆರು-ಎಂಟು ವರ್ಷ ಬೇಕು. ಈ ನಡುವಿನ ವರ್ಷಗಳಲ್ಲಿ ಗುಡ್ಡಕ್ಕೆ ಹಳೇ ಬೇರೂ ಇಲ್ಲ, ಹೊಸ ಬೇರೂ ಇಲ್ಲ. ಆಗ ಮಳೆ ಬಂತೋ, ಧರೆ ಕುಸಿಯಿತು, ಜೊತೆಗೆ ಮೇಲಿದ್ದ ಸ್ಲ್ಯಾಷ್ ಕೂಡ ಹೊರಟಿತು. ಸ್ಕಿಡ್ ಎಷ್ಟೇ ಚೊಕ್ಕ ಇಟ್ಟರೂ ಇಡೀ ಗುಡ್ಡದ ಮೈಯೇ ಜಾರಿದರೆ ಏನು ಮಾಡ್ತೀರಿ?

ಆಕ್ಲೆಂಡ್_ಅಕ್ಕ:
ನಾನು ಕನ್ಸೆಂಟ್, ಅಂದರೆ ಕೌನ್ಸಿಲ್ ಕೊಡುವ ಪರವಾನಗಿಯ ಅರ್ಜಿಗಳನ್ನು ಓದುವ ಕೆಲಸದಲ್ಲಿದ್ದೇನೆ. ಅರಣ್ಯ ನನ್ನ ವಿಷಯ ಅಲ್ಲ, ಆದರೆ ಈ ನಿಯಮ ಓದಲೇಬೇಕಾಗಿ ಬಂದಿದೆ. ಹೊಳೆಬದಿಯವರು ಕೇಳಿದ್ದಕ್ಕೆ ಉತ್ತರ ನಿಯಮ ಕಟ್ಟಿರುವ ರೀತಿಯಲ್ಲೇ ಇದೆ ಅನ್ನಿಸುತ್ತೆ.

2018ಕ್ಕೆ ಮುಂಚೆ ಒಂದೊಂದು ಕೌನ್ಸಿಲ್‌ಗೆ ಒಂದೊಂದು ನಿಯಮ. ಎರಡು ಪ್ರದೇಶದ ಗಡಿಯಲ್ಲಿ ತೋಪು ಇದ್ದರೆ ಕಂಪನಿಗೆ ತಲೆನೋವು. ಹಾಗಾಗಿ ದೇಶಕ್ಕೆಲ್ಲ ಒಂದೇ ಮಾನದಂಡ ಬೇಕು ಅಂತ ಕಂಪನಿಗಳು ಕೇಳಿದವು, ಕೌನ್ಸಿಲ್‌ಗಳೂ ಕೂತು ಚರ್ಚೆ ಮಾಡಿದವು. ಬಂದ ನಿಯಮ ಗಿಡ ನೆಡುವುದರಿಂದ ಹಿಡಿದು ಮಣ್ಣು ಅಗೆಯುವುದು, ಹಳ್ಳ ದಾಟುವುದು, ಕಲ್ಲು ಕೋರೆ, ಕಡಿತಲೆ, ಮರುನೆಡುವುದು ಅಂತ ಎಂಟು ಕೆಲಸಗಳಿಗೆ ಅನ್ವಯ. ದೇಶದ ನೆಲವನ್ನು ಸವಕಳಿಯ ಅಪಾಯದ ಮೇಲೆ ಹಸಿರು, ಹಳದಿ, ಕಿತ್ತಳೆ, ಕೆಂಪು ಅಂತ ಭಾಗ ಮಾಡಿದರು. ಮೊದಲ ಮೂರರಲ್ಲಿ ಷರತ್ತು ಪಾಲಿಸಿದರೆ ಕಡಿಯಲು ಕನ್ಸೆಂಟ್ ಬೇಡ. ಕೆಂಪಿನಲ್ಲಿ ದೊಡ್ಡ ಕಡಿತಲೆಗೆ ಬೇಕು. ಕನ್ಸೆಂಟ್ ಬೇಡದ ಕಡೆಯೂ ಕಡಿಯುವ ಮುಂಚೆ, 20ರಿಂದ 60 ಕೆಲಸದ ದಿನಗಳ ಒಳಗೆ, ಕೌನ್ಸಿಲ್‌ಗೆ ತಿಳಿಸಬೇಕು. ಕೇಳಿದರೆ ಕಡಿತಲೆಯ ಯೋಜನೆ ತೋರಿಸಬೇಕು. ಹೋಗಿ ನೋಡಿದ ಖರ್ಚನ್ನು ಕೌನ್ಸಿಲ್ ವಸೂಲಿ ಮಾಡಬಹುದು.

ಹೊಸದಾಗಿ ನೆಡುವಾಗ 3 ಮೀಟರಿಗಿಂತ ಕಿರಿದಾದ ಹಳ್ಳದಿಂದ 5 ಮೀಟರ್, ಅದಕ್ಕಿಂತ ಅಗಲದ್ದಾದರೆ 10 ಮೀಟರ್ ಜಾಗ ಬಿಡಬೇಕು. ಸ್ಲ್ಯಾಷ್ ಅನ್ನು ನೀರಿಗೆ ಹಾಕಬಾರದು. 20 ವರ್ಷಕ್ಕೊಮ್ಮೆ ಬರುವ ಪ್ರವಾಹದ ನೀರು ಮುಟ್ಟುವ ಜಾಗದಲ್ಲೂ ಇಡಬಾರದು.

ಎರಡು ಕಡೆ ಸಡಿಲ ಇದೆ. ಒಂದು, ಆ ಬಣ್ಣದ ನಕ್ಷೆ 1:50,000 ಅಳತೆಯ ಹಳೇ ಭೂದಾಖಲೆಯ ಮೇಲೆ ನಿಂತಿದೆ. ನಕ್ಷೆಯಲ್ಲಿ ಒಂದೇ ಬಣ್ಣ ಇರುವ ಗುಡ್ಡದಲ್ಲಿ ಒಂದು ಮಗ್ಗುಲು ಗಟ್ಟಿ, ಇನ್ನೊಂದು ಮಗ್ಗುಲು ಈಗಲೋ ಆಗಲೋ ಅನ್ನುವ ಹಾಗಿರಬಹುದು. ಎರಡು, 20 ವರ್ಷದ ಪ್ರವಾಹ ಅನ್ನುವ ಲೆಕ್ಕ. ಬೋಲಾ, ಗೇಬ್ರಿಯಲ್ ಅಂಥವು ಆ ಲೆಕ್ಕಕ್ಕೆ ಸಿಗುವ ಮಳೆಗಳೇ ಅಲ್ಲ.

2023ರ ನವೆಂಬರ್ 3ರಿಂದ ನಿಯಮ ಬದಲಾಗಿದೆ. ಗಾಳಿಯ ಕಾರ್ಬನ್ ಹಿಡಿದಿಡಲು ಅಂತ ನೆಡುವ ಕಾಡೂ ಈಗ ಅದರೊಳಗೆ ಬಂತು. ಕಿತ್ತಳೆ, ಕೆಂಪು ನೆಲದಲ್ಲಿ 2 ಮೀಟರಿಗಿಂತ ಉದ್ದ, ದಪ್ಪ ತುದಿಯಲ್ಲಿ 10 ಸೆಂಟಿಮೀಟರಿಗಿಂತ ಹೆಚ್ಚು ಇರುವ ಗಟ್ಟಿ ತುಂಡುಗಳನ್ನು ತೆಗೆಯಬೇಕು. ತೆಗೆಯುವವರ ಜೀವಕ್ಕೆ ಅಪಾಯ ಇದ್ದರೆ ವಿನಾಯಿತಿ. ಆ ಅಳತೆಯದ್ದು ಹೆಕ್ಟೇರಿಗೆ 15 ಘನ ಮೀಟರ್‌ವರೆಗೆ ಉಳಿದರೆ ಪರವಾಗಿಲ್ಲ.

ಸಾಗರದವ:
ಓದುತ್ತಾ ಹೋದ ಹಾಗೆ ನಮ್ಮ ಕಡೆಯದ್ದೇ ನೆನಪಾಯ್ತು. ಶಿವಮೊಗ್ಗ ಜಿಲ್ಲೆಯಲ್ಲಿ ಭದ್ರಾವತಿಯ ಎಂಪಿಎಂ ಕಾಗದ ಕಾರ್ಖಾನೆಗೆ 1980ರಲ್ಲಿ 40 ವರ್ಷಕ್ಕೆ ಅರಣ್ಯ ಭೂಮಿ ಗುತ್ತಿಗೆ ಕೊಟ್ಟರು. ಅಕೇಶಿಯಾ, ನೀಲಗಿರಿ ಬಂತು. ಕಾರ್ಖಾನೆ ಬಾಗಿಲು ಹಾಕಿ ವರ್ಷಗಳಾಗಿದ್ದರೂ 2020ರಲ್ಲಿ ಅವಧಿ ಮುಗಿದಾಗ ಗುತ್ತಿಗೆ ಮುಂದುವರಿಸಲು ಹೊರಟರು. ಆಗಲೇ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಅಂತ ಊರೂರಲ್ಲಿ ಜನ ಎದ್ದದ್ದು. ಅದಕ್ಕೂ ಹಿಂದೆ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ಆಗಿತ್ತು. ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಗೆ ಅಂತ ನೆಟ್ಟ ನೀಲಗಿರಿ ಕಿತ್ತು, ಊರಿಗೆ ಬೇಕಾದ ಗಿಡ ಹಚ್ಚಿದರು.

ಆದರೆ ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ನೆಲ ಅರಣ್ಯ ಇಲಾಖೆಯದ್ದು, ನೆಡುವುದಕ್ಕೆ ಕೊಡುವುದೂ ಅವರೇ, ತಪ್ಪಾದರೆ ನೋಡಬೇಕಾದವರೂ ಅವರೇ. ಜಿಲ್ಲಾ ಪಂಚಾಯಿತಿಗೆ ಅಲ್ಲಿ ಬಾಯಿಯೇ ಇಲ್ಲ. ಗ್ರಾಮ ಅರಣ್ಯ ಸಮಿತಿ ಅಂತ ಇದೆ, ಅದರ ಕಾರ್ಯದರ್ಶಿ ಫಾರೆಸ್ಟರ್. ನಿಮ್ಮಲ್ಲಿ ಕಂಪನಿ ಬೇರೆ, ಕಣ್ಣಿಡುವ ಕೌನ್ಸಿಲ್ ಬೇರೆ, ಅದಕ್ಕೆ ಜನ ಓಟು ಹಾಕುತ್ತಾರೆ, ಅದು ಕೋರ್ಟಿಗೂ ಹೋಗುತ್ತೆ. ದಂಡ ಬಿತ್ತು ಅಂದಿರಲ್ಲ, ನಮ್ಮಲ್ಲಿ ನೆಡುತೋಪಿನ ಕಾರಣಕ್ಕೆ ಹೊಳೆ ಹಾಳಾಯ್ತು ಅಂತ ಯಾರಿಗಾದರೂ ದಂಡ ಬಿದ್ದದ್ದು ನಾನು ಕೇಳಿಲ್ಲ.

ಅಂದ ಹಾಗೆ ಪ್ರಾದೇಶಿಕ ಕೌನ್ಸಿಲ್ ಅಂದರೆ ನಮ್ಮ ಜಿಲ್ಲಾ ಪಂಚಾಯಿತಿ ಥರವಾ?

ಹೊಳೆಬದಿ:
ಸಾಗರದವರೇ, ಅಲ್ಲ. ಅಲ್ಲೇ ಇರೋದು ನನ್ನ ತಕರಾರು. ಇಲ್ಲಿ 1941ರಲ್ಲಿ ಮಣ್ಣು ಸಂರಕ್ಷಣೆ ಮತ್ತು ನದಿ ನಿಯಂತ್ರಣಕ್ಕೆ ಅಂತ ಕಾಯ್ದೆ ಮಾಡಿ ಜಲಾನಯನ ಮಂಡಳಿಗಳನ್ನು ಕಟ್ಟಿದರು. 1989ರಲ್ಲಿ ಅವುಗಳ ಕೆಲಸವನ್ನು ಪ್ರಾದೇಶಿಕ ಕೌನ್ಸಿಲ್‌ಗಳಿಗೆ ಕೊಟ್ಟರು. ಗಡಿ ಎಳೆದದ್ದೂ ಬಹುಮಟ್ಟಿಗೆ ನದಿ ಹರಿಯುವ ಪ್ರಕಾರ. ರಸ್ತೆ, ಕಸ, ಮನೆ ಪರವಾನಗಿ ನೋಡುವ ನಗರ, ಜಿಲ್ಲಾ ಕೌನ್ಸಿಲ್ ಬೇರೆ. ಗಿಸ್ಬೋರ್ನ್‌ನಂಥ ಕೆಲವು ಕಡೆ ಮಾತ್ರ ಎರಡೂ ಕೆಲಸ ಒಂದೇ ಕೌನ್ಸಿಲ್‌ಗೆ.

ಅಂದರೆ ಈ ಸಂಸ್ಥೆ ಹುಟ್ಟಿದ್ದೇ ಇಡೀ ಕೊಳ್ಳವನ್ನು ಒಂದಾಗಿ ನೋಡಲಿಕ್ಕೆ. ಕಂಪನಿ ನೋಡುವುದು ತನ್ನ ಬ್ಲಾಕನ್ನು, ಅಂದರೆ ತಾನು ಕಡಿಯುವ ತುಂಡು ಜಾಗವನ್ನು. ಇಬ್ಬರೂ ಕೂತು ಬರೆದ ನಿಯಮ ಯಾರ ಕಣ್ಣಿನಿಂದ ಬರೆದದ್ದು? ಬ್ಲಾಕಿನ ಕಣ್ಣಿನಿಂದ. ಸ್ಕಿಡ್ ಹೀಗಿರಬೇಕು, ಮೋರಿ ಇಷ್ಟಿರಬೇಕು, ಹಳ್ಳದಿಂದ ಇಷ್ಟು ದೂರ, ಹೆಕ್ಟೇರಿಗೆ ಇಷ್ಟು ತುಂಡು. ಎಲ್ಲ ಸರಿ. ಆದರೆ ಒಂದೇ ಕೊಳ್ಳದಲ್ಲಿ ಈ ಐದಾರು ವರ್ಷದಲ್ಲಿ ಎಷ್ಟು ಹೆಕ್ಟೇರ್ ಬೋಳಾಗಿದೆ, ಮೇಷ್ಟ್ರು ಹೇಳಿದ ಆ ಬೇರಿಲ್ಲದ ಅವಧಿಯಲ್ಲಿ ಎಷ್ಟು ಗುಡ್ಡ ಇದೆ ಅಂತ ಕೂಡಿಸಿ ನೋಡುವ ಕಲಮು ಎಲ್ಲಿದೆ?

ಅಕ್ಕ ಕೊಟ್ಟ 15 ಘನ ಮೀಟರನ್ನೇ ತಗೊಳ್ಳಿ. 40 ಹೆಕ್ಟೇರಿನ ಒಂದು ಬ್ಲಾಕ್ ಅಂದರೆ 600 ಘನ ಮೀಟರ್. ಇಪ್ಪತ್ತು ಲಾರಿ ಲೋಡು ಅಂದುಕೊಳ್ಳಿ. ಕೊಳ್ಳದಲ್ಲಿ ಬೇರೆ ಬೇರೆ ಮಾಲೀಕರು ಸೇರಿ 1,000 ಹೆಕ್ಟೇರ್ ಕಡಿದಿದ್ದರೆ 15,000 ಘನ ಮೀಟರ್. ಒಬ್ಬರೂ ನಿಯಮ ಮುರಿದಿಲ್ಲ! ಕೆಳಗಿನ ಸೇತುವೆಗೆ ಇದು ಯಾರ ಬ್ಲಾಕಿನದ್ದು ಅಂತ ಗೊತ್ತಾಗುತ್ತಾ?

ಸುಮ್ನೆ_ಒಬ್ಬ:
ಈಗ ಅರ್ಥ ಆಯ್ತು. ಸರಿ, ಹಾಗಾದರೆ ಅಂಥ ಗುಡ್ಡದಲ್ಲಿ ಪೈನ್ ನೆಡುವುದನ್ನೇ ನಿಲ್ಲಿಸಿ. ಸ್ಥಳೀಯ ಮರ ನೆಟ್ಟು ಬಿಟ್ಟುಬಿಡಿ. ಕಡಿಯೋದೂ ಬೇಡ, ದಿಮ್ಮಿ ತೇಲೋದೂ ಬೇಡ.

ಮಣ್ಣುಮೇಷ್ಟ್ರು:
ತೀರಾ ಕೆಟ್ಟ ಗುಡ್ಡಗಳಿಗೆ ಅದೇ ಸರಿ. ವಿಚಾರಣೆಯ ವರದಿ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ, ಅಲ್ಲಿ ಶಾಶ್ವತ ಕಾಡು ಬರಬೇಕು ಅಂತ. ಆದರೆ ಅವಸರಕ್ಕೆ ಆಗುವ ಕೆಲಸ ಅಲ್ಲ. ಈಗ ನಿಂತಿರುವ ಪೈನ್ ಒಂದೇ ಸಲ ಕಡಿದು ಸ್ಥಳೀಯ ಗಿಡ ನೆಟ್ಟರೆ ಅದೇ ಬೇರಿಲ್ಲದ ಅವಧಿ, ಇನ್ನೂ ಉದ್ದ. ಮನೂಕಾ, ಕನೂಕಾದಂಥ ಸ್ಥಳೀಯ ಗಿಡ ಪೈನ್‌ನಷ್ಟು ಬೇಗ ಬರಲ್ಲ. ಕಡಿಯದೆ ಹಾಗೇ ಬಿಟ್ಟರೆ ಮುದಿ ಪೈನ್ ಗಾಳಿಗೆ ಉರುಳುತ್ತೆ, ಬೆಂಕಿಯ ಭಯ ಇರುತ್ತೆ. ಅಲ್ಲಲ್ಲಿ ಸಣ್ಣ ಕಿಂಡಿ ತೆಗೆದು, ಕೆಳಗೆ ಸ್ಥಳೀಯ ಗಿಡ ಎಬ್ಬಿಸುತ್ತಾ ಹೋಗಬೇಕು. ಮೇಕೆ, ಜಿಂಕೆ, ಪೋಸಮ್ ತಿನ್ನದ ಹಾಗೆ ಕಾಯಬೇಕು. ಅದಕ್ಕೆ ತಲೆಮಾರು ಹಿಡಿಯುತ್ತೆ, ದುಡ್ಡು ಯಾರು ಹಾಕುತ್ತಾರೆ?

ಇನ್ನೊಂದು. ಆ ನೆಲದಲ್ಲಿ ಬಹಳಷ್ಟು ಮಾವೊರಿ ಕುಟುಂಬಗಳದ್ದು. ಸಾಲುಸಾಲು ಸರ್ಕಾರಗಳು ‘ಮಣ್ಣು ಉಳಿಸಲು ಪೈನ್ ನೆಡಿ’ ಅಂದವು, ನೆಟ್ಟರು. ಈಗ ಪಟ್ಟಣದಲ್ಲಿ ಕೂತು ‘ಆದಾಯ ಬಿಟ್ಟುಬಿಡಿ’ ಅನ್ನುವುದು ಸುಲಭ.

ಗಾಂಧಿಧಾಮ್_ಗೌಡ:
ನಡುವೆ ಬಾಯಿ ಹಾಕ್ತೀನಿ. ನಾನು ಗುಜರಾತಿನ ಕಾಂಡ್ಲಾ ಬಂದರಿನ ಪಕ್ಕ ನಾಟಾ ವ್ಯಾಪಾರದಲ್ಲಿ ಇದ್ದೀನಿ. ನ್ಯೂಜಿಲೆಂಡ್ ಪೈನ್ ಇಲ್ಲಿಗೆ ಹಡಗಲ್ಲಿ ಬರುತ್ತೆ. ಕೊಯ್ದು ಪ್ಯಾಕಿಂಗ್ ಪೆಟ್ಟಿಗೆ, ಪ್ಯಾಲೆಟ್, ಸೆಂಟ್ರಿಂಗ್ ಹಲಗೆ ಮಾಡ್ತಾರೆ. ಬೆಂಗಳೂರಿನ ಕಾರ್ಖಾನೆಗಳಿಗೂ ಹೋಗುತ್ತೆ. ಇಲ್ಲಿ ಕೊಳ್ಳುವವರು ಕೇಳೋದು ಮೂರೇ: ದರ, ಗಾತ್ರ, ನೀಲಿ ಕಲೆ ಇದೆಯಾ ಇಲ್ವಾ. ಯಾವ ಗುಡ್ಡದಿಂದ ಬಂತು ಅಂತ ಯಾರೂ ಕೇಳಿದ್ದು ನಾನು ನೋಡಿಲ್ಲ. ಕಾಡನ್ನ ಜವಾಬ್ದಾರಿಯಿಂದ ನೋಡ್ಕೊಂಡು ಕಡಿದ ಮರ ಅಂತ ಹೇಳೋ ಎಫ್‌ಎಸ್‌ಸಿ ಮುದ್ರೆ ಬೇಕು ಅನ್ನೋದು ಯುರೋಪಿಗೆ ರಫ್ತು ಮಾಡೋ ಪೀಠೋಪಕರಣದವರು ಮಾತ್ರ.

ರೊಟೊರುವಾ_ರಾಯ:
ಗೌಡ್ರೇ ಸರಿಯಾಗಿ ಹೇಳಿದ್ರಿ. ಇಲ್ಲಿನ ಅರ್ಧಕ್ಕಿಂತ ಜಾಸ್ತಿ ಮರ ದಿಮ್ಮಿಯಾಗೇ ಹೊರದೇಶಕ್ಕೆ ಹೋಗುತ್ತೆ, ಅದರಲ್ಲೂ ಬಹುಪಾಲು ಚೀನಾಕ್ಕೆ. ಚೀನಾದಲ್ಲಿ ಮನೆ ಕಟ್ಟೋದು ನಿಂತರೆ ಇಲ್ಲಿ ಹಾಲರ್ ನಿಲ್ಲುತ್ತೆ. ದರ ಏರಿದರೆ ಎಲ್ಲರೂ ಒಟ್ಟಿಗೆ ಗರಗಸ ಎತ್ತುತ್ತಾರೆ.

ಹೊಳೆಬದಿಯವರ ‘ಕೂಡಿಸುವ ಕಲಮು’ ಕೇಳೋಕೆ ಚೆನ್ನಾಗಿದೆ. ಆದರೆ ಕೊಳ್ಳದಲ್ಲಿ ಸರದಿ ಇಟ್ಟರೆ ಯಾರು ಮೊದಲು? ದೊಡ್ಡ ಕಂಪನಿ ಆದರೆ ಈ ವರ್ಷ ಇಲ್ಲಿ ಬೇಡ, ಇನ್ನೊಂದು ಕಡೆ ಕಡೀತೀನಿ ಅನ್ನಬಹುದು. 1990ರ ದಶಕದಲ್ಲಿ ನಿವೃತ್ತಿಗೆ ಅಂತ ನೆಟ್ಟ ರೈತನ ಹತ್ತಿರ ಇರೋದೇ 20 ಹೆಕ್ಟೇರ್. ದರ ಇರುವಾಗ ‘ನಿನ್ನ ಸರದಿ ಏಳು ವರ್ಷ ಬಿಟ್ಟು’ ಅಂದರೆ ಅವನು ಸುಮ್ನಿರ್ತಾನಾ? ಅಂಥವರ ತೋಪಿಗೆ ದಾರಿಯೂ ಸರಿ ಇರಲ್ಲ, ನೆಡುವಾಗ ಕಡಿಯೋ ಯೋಚನೆ ಮಾಡಿರಲ್ಲ. ನಿಜ ಹೇಳಬೇಕಂದ್ರೆ ಕೆಟ್ಟ ಕೆಲಸ ಜಾಸ್ತಿ ಕಂಡಿದ್ದು ಇಂಥ ಸಣ್ಣ ತೋಪುಗಳಲ್ಲೇ. ದೊಡ್ಡವರಿಗೆ ಇಂಜಿನಿಯರ್ ಇರ್ತಾನೆ, ರಸ್ತೆ ಕೈಪಿಡಿ ಇರುತ್ತೆ.

ಮತ್ತೆ ಕೌನ್ಸಿಲ್ ಬಗ್ಗೆಯೂ ಒಂದು ಮಾತು. ಕಡಿತಲೆ ಯೋಜನೆ ಕೊಟ್ಟರೆ ಅದನ್ನ ಓದಿ, ‘ಈ ಸ್ಕಿಡ್ ಇಲ್ಲಿ ಬೇಡ, ಆ ದಿಣ್ಣೆಗೆ ಹಾಕಿ’ ಅನ್ನೋ ಅನುಭವಸ್ಥರು ಅಲ್ಲಿ ಎಷ್ಟು ಜನ? ಮರ ಬೀಳುವ ಮುಂಚೆ ನಮ್ಮ ಫೋರ್‌ಮನ್ ಜೊತೆ ಗುಡ್ಡ ಹತ್ತಿದ ಅಧಿಕಾರಿ ಇದ್ದ ಕಡೆ ಕೆಲಸ ಬೇರೆ ಥರವೇ ಆಗುತ್ತೆ. ಹಗ್ಗ ಎಳೆಯೋ ದಿಕ್ಕು ಬದಲಾಯಿಸಿದ್ರೆ ಎಷ್ಟೋ ಸಲ ಹಳ್ಳದ ಮೇಲೆ ಮರ ಎಳೆಯೋದೇ ತಪ್ಪುತ್ತೆ. ಆಮೇಲೆ ಬಂದು ಫೋಟೋ ತೆಗೆದು ನೋಟಿಸ್ ಕೊಟ್ಟರೆ ಏನು ಬಂತು?

ಆಕ್ಲೆಂಡ್_ಅಕ್ಕ:
ಸರದಿಯ ಯೋಚನೆ ಹೊಳೆಬದಿಯವರ ತಲೆಯಲ್ಲಿ ಮಾತ್ರ ಇರೋದಲ್ಲ. ವಿಚಾರಣೆಯ ವರದಿಯಲ್ಲೇ ಇದೆ. ಒಂದು ಕೊಳ್ಳದಲ್ಲಿ ವರ್ಷಕ್ಕೆ ಶೇಕಡಾ 5ಕ್ಕಿಂತ ಜಾಸ್ತಿ ಕಡಿಯಬಾರದು, ಒಂದು ಕೂಪು, ಅಂದರೆ ಒಂದೇ ಸಲ ಕಡಿಯುವ ಜಾಗ, 40 ಹೆಕ್ಟೇರ್ ಮೀರಬಾರದು ಅಂತ ಶಿಫಾರಸು. ಶೇಕಡಾ 5 ಅಂದರೆ ಇಡೀ ಕೊಳ್ಳ ಮುಗಿಸಲು 20 ವರ್ಷ ಬೇಕು. ಹಾಗಾದಾಗ ಯಾವುದೇ ಹೊತ್ತಿನಲ್ಲಿ ಬೇರಿಲ್ಲದ ಗುಡ್ಡ ಒಂದು ಮಿತಿಯಲ್ಲಿ ಇರುತ್ತೆ.

ಆದರೆ ದೇಶದ ನಿಯಮ ಆ ದಾರಿ ಹಿಡಿಯಲಿಲ್ಲ. 2023ರ ತಿದ್ದುಪಡಿಯಲ್ಲಿ ಹೊಸದಾಗಿ ಎಲ್ಲಿ ನೆಡಬಹುದು ಅನ್ನುವುದರಲ್ಲಿ ಕೌನ್ಸಿಲ್‌ಗಳು ಇನ್ನೂ ಬಿಗಿ ನಿಯಮ ಮಾಡಬಹುದು ಅಂತ ಅವಕಾಶ ಕೊಟ್ಟರು. 2025ರಲ್ಲಿ, ಆಮೇಲೆ ಬಂದ ಸರ್ಕಾರ ಅದನ್ನು ವಾಪಸ್ ತೆಗೆಯುವ ಪ್ರಸ್ತಾಪ ಇಟ್ಟಿತು. ಸ್ಲ್ಯಾಷ್‌ಗೆ ಆ 15 ಘನ ಮೀಟರ್ ಲೆಕ್ಕದ ಬದಲು ಗುಡ್ಡವಾರು ಅಪಾಯ ಅಳೆದು ತೀರ್ಮಾನ ಮಾಡೋಣ ಅನ್ನುವ ಮಾತೂ ಬಂತು. ಎರಡನೆಯದು ಕೆಟ್ಟ ಯೋಚನೆ ಏನಲ್ಲ. ಹಳ್ಳಕ್ಕೆ ತಾಗಿದ 5 ಘನ ಮೀಟರ್, ನೆತ್ತಿಯ ಮೇಲಿನ 30 ಘನ ಮೀಟರಿಗಿಂತ ಅಪಾಯ. ಆದರೆ ಅಪಾಯ ಅಳೆಯುವವರು ಯಾರು? ಕಂಪನಿಯ ಸಲಹೆಗಾರ ಅಳೆದು, ಕೌನ್ಸಿಲ್ ಸುಮ್ನೆ ಫೈಲಿಗೆ ಸೇರಿಸುವುದಾದರೆ ನಾವು ನಿಂತಲ್ಲೇ ನಿಂತ ಹಾಗೆ.

ರಾಯರು ಹೇಳಿದ ಅನುಭವಸ್ಥರ ಕೊರತೆ ನಿಜ. ಸಣ್ಣ ಕೌನ್ಸಿಲ್, ಕಡಿಮೆ ಮನೆತೆರಿಗೆ, ಆದರೆ ದೇಶದ ಕೆಂಪು ನೆಲದಲ್ಲಿ ದೊಡ್ಡ ಪಾಲು ಅವರ ಮಡಿಲಲ್ಲಿ. ಕಾನೂನು ಬರೆಯುವುದು ವೆಲ್ಲಿಂಗ್ಟನ್, ಗುಡ್ಡ ಹತ್ತಬೇಕಾದವರು ಇವರು.

ಸಾಗರದವ:
ಒಂದು ಅನುಮಾನ. ಹೊಳೆಯಲ್ಲಿ ಬಂದ ಮರ ಎಲ್ಲ ಪೈನೇ ಅಂತ ಹೇಗೆ ಗೊತ್ತು? ನಮ್ಮಲ್ಲಿ ಮಳೆಗಾಲದಲ್ಲಿ ಕಾಡುಮರವೂ ಬರುತ್ತಲ್ಲ.

ರೊಟೊರುವಾ_ರಾಯ:
ಒಳ್ಳೇ ಪ್ರಶ್ನೆ, ಇದನ್ನ ಯಾರೂ ಕೇಳಲ್ಲ. ಗೇಬ್ರಿಯಲ್ ಆದ ಮೇಲೆ, ಗಿಸ್ಬೋರ್ನ್‌ಗೆ ದಕ್ಷಿಣಕ್ಕಿರೋ ಹಾಕ್ಸ್ ಬೇ ಕಡೆ ರಾಶಿಗಳನ್ನ ಪರೀಕ್ಷೆ ಮಾಡಿದಾಗ ವಿಲೋ, ಪಾಪ್ಲರ್ ತುಂಬಾ ಸಿಕ್ತು. ಅವು ದಂಡೆ ಕೊರೆಯದಿರಲಿ ಅಂತ ಹೊಳೆಬದಿಯಲ್ಲಿ ನೆಟ್ಟಿದ್ದ ಮರಗಳು, ಎಷ್ಟೋ ಕಡೆ ನೆಡಿಸಿದ್ದು ಕೌನ್ಸಿಲ್‌ನವರೇ. ಪೈನ್‌ನಲ್ಲೂ ಬೇರು ಸಮೇತ ಬಂದದ್ದು ಬೇರೆ, ಗರಗಸದ ಗುರುತು ಇದ್ದದ್ದು ಬೇರೆ.

ಹೊಳೆಬದಿ:
ಹಾಕ್ಸ್ ಬೇಗೆ ಅದು ಸರಿ ರಾಯರೇ. ಆದರೆ ಟೊಲಗಾ ಬೇಯಲ್ಲಿ ಬಂದದ್ದರಲ್ಲಿ ಪೈನೇ ಹೆಚ್ಚು, ಅದರಲ್ಲಿ ಅನುಮಾನ ಇಲ್ಲ. ಬೇರು ಸಮೇತ ಬಂದ ಪೈನ್ ಕೂಡ ನೆಟ್ಟ ಪೈನೇ ತಾನೇ? ಹೊಳೆ ಅಂಚಿಗೆ ತಾಗುವ ಹಾಗೆ ನೆಟ್ಟವರ ಲೆಕ್ಕಕ್ಕೆ ಬರಬೇಕು.

ಸರದಿ ಬಗ್ಗೆ ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ, ಅದಕ್ಕೆ ನನ್ನ ಯೋಚನೆ ಹೇಳುತ್ತೇನೆ. ತಿಳಿಸುವ ಪತ್ರ ಈಗಲೂ ಪ್ರತಿ ಬ್ಲಾಕಿಗೂ ಕೌನ್ಸಿಲ್‌ಗೆ ಹೋಗುತ್ತೆ. ಅದರ ಜೊತೆ ಕಡಿಯುವ ಜಾಗದ ನಕ್ಷೆ ಕಡ್ಡಾಯ ಮಾಡಿ, ಕೊಳ್ಳವಾರು ಒಂದೇ ನಕ್ಷೆಯಲ್ಲಿ ಹಾಕಿ, ಊರಿನವರೂ ನೋಡುವ ಹಾಗೆ ಇಡಲಿ. ಇದಕ್ಕೆ ಹೊಸ ಕಾಯ್ದೆಯ ದೊಡ್ಡ ಜಗಳ ಬೇಡ. ಈ ಕೊಳ್ಳದಲ್ಲಿ ಕಳೆದ 6 ವರ್ಷದಲ್ಲಿ ಇಷ್ಟು ಪಾಲು ಬೋಳು ಅಂತ ಎಲ್ಲರಿಗೂ ಕಾಣಬೇಕು. ಮಿತಿ ದಾಟುತ್ತಿರುವ ಕೊಳ್ಳದಲ್ಲಿ ಹೊಸದಾಗಿ ಕಡಿಯಲು ಬಣ್ಣ ಯಾವುದೇ ಇರಲಿ, ಕನ್ಸೆಂಟ್ ಬೇಕು ಅನ್ನಲಿ. ಸಣ್ಣ ರೈತರಿಗೆ ಸರದಿಯಲ್ಲಿ ಮೊದಲ ಜಾಗ ಕೊಡಲಿ, ಕಾಯುವ ಶಕ್ತಿ ಇರೋದು ದೊಡ್ಡವರಿಗೆ. ನಿಮ್ಮ ಫೋರ್‌ಮನ್ ಜೊತೆ ಗುಡ್ಡ ಹತ್ತುವ ಅಧಿಕಾರಿಯ ಸಂಬಳವನ್ನ ಪ್ರತಿ ಟನ್ ದಿಮ್ಮಿಯ ಮೇಲೆ ಸಣ್ಣ ಶುಲ್ಕ ಹಾಕಿ ಕೊಡಬಹುದು.

ರೊಟೊರುವಾ_ರಾಯ:
ಟನ್ ಮೇಲೆ ಶುಲ್ಕ ಅಂದ್ರೆ ಕಂಪನಿಯವರು ಅದನ್ನ ಗುತ್ತಿಗೆದಾರನ ದರದಲ್ಲೇ ಹಿಡೀತಾರೆ, ಬರೆದಿಟ್ಟುಕೊಳ್ಳಿ. ಬಂದರಿನಲ್ಲಿ ಹಡಗಿಗೆ ಏರಿಸುವಾಗ ಮರದ ಮಾಲೀಕನ ಹೆಸರಲ್ಲೇ ವಸೂಲಿ ಆಗೋ ಹಾಗಿದ್ರೆ ನಾನೂ ಒಪ್ತೀನಿ. ನಕ್ಷೆಗೆ ನನ್ನ ತಕರಾರಿಲ್ಲ. ನಮ್ಮ ಹುಡುಗರು ಕೆಲಸ ಮಾಡೋ ಕೊಳ್ಳದ ಮೇಲ್ಗಡೆ ಇನ್ಯಾರು ಕಡೀತಿದ್ದಾರೆ ಅಂತ ನಮಗೇ ಎಷ್ಟೋ ಸಲ ಗೊತ್ತಿರಲ್ಲ.

ಗಾಂಧಿಧಾಮ್_ಗೌಡ:
ಬಂದರಿನಲ್ಲಿ ಹಾಕಿದರೆ ಕೊನೆಗೆ ಅದು ನಮ್ಮ ಬಿಲ್ಲಿಗೇ ಬರುತ್ತೆ ರಾಯರೇ. ಬರಲಿ, ಪ್ಯಾಲೆಟ್‌ಗೆ ನಾಲ್ಕು ರೂಪಾಯಿ ಜಾಸ್ತಿ ಆದರೆ ಯಾರೂ ಸಾಯಲ್ಲ.